ಗುಪ್ತರೋಗಗಳ ಗಣತಿ: ಅಂಜಿಕೆ ಬೇಡ, ಅರಿವು ಬೇಕು

(ಆಸ್ಪತ್ರೆಯಲ್ಲಿ ಗರ್ಭಿಣಿಯರು ಹಾಗೂ ಅವರ ಮನೆಯವರಿಗಾಗಿ ನೀಡಿದ ಆರೋಗ್ಯ ಉಪನ್ಯಾಸ)



ಗರ್ಭಿಣಿಯರಿಗೆ ರಕ್ತ ಪರೀಕ್ಷೆ ಬರೆದುಕೊಟ್ಟಾಗ ಹಲವರು ಕೇಳುವ ಪ್ರಶ್ನೆ ಒಂದೇ: "ನಾವು ಮರ್ಯಾದಸ್ಥ ಮನೆತನದವರು, ಈ ಪರೀಕ್ಷೆ ನಮಗ್ಯಾಕ್ರೀ ಡಾಕ್ಟರೇ?" ಕೆಲವರು ಚೀಟಿ ಮಡಚಿಟ್ಟುಕೊಂಡು ಪರೀಕ್ಷೆ ಮಾಡಿಸದೆ ಮನೆಗೆ ಹೋಗಿಬಿಡುತ್ತಾರೆ. ಅವರಿಗಾಗಿಯೇ ಇಂದಿನ ಈ ನಾಲ್ಕು ಮಾತು.

ಲೈಂಗಿಕ ಸಂಪರ್ಕದಿಂದ ಹರಡುವ ರೋಗಗಳನ್ನು ನಾವು ಗುಪ್ತರೋಗ ಎನ್ನುತ್ತೇವೆ. ಹೆಸರಿಗೆ ತಕ್ಕಂತೆ ಅವು ಅಡಗಿಯೇ ಇರುತ್ತವೆ. ಸಿಫಿಲಿಸ್ ಹುಣ್ಣು ನೋವಿಲ್ಲದೆ ಬಂದು ತಾನಾಗಿಯೇ ಮಾಯುತ್ತದೆ; ರೋಗ ಮಾತ್ರ ದೇಹದಲ್ಲೇ ಉಳಿಯುತ್ತದೆ. ಗೊನೋರಿಯ ಅನೇಕ ಹೆಂಗಸರಲ್ಲಿ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ಎಚ್.ಐ.ವಿ. ಸೋಂಕು ವರ್ಷಗಟ್ಟಲೆ ಸುಮ್ಮನಿರಬಹುದು. ಆದ್ದರಿಂದ ತೊಂದರೆ ಎಂದು ಆಸ್ಪತ್ರೆಗೆ ಬಂದವರನ್ನಷ್ಟೇ ಎಣಿಸಿದರೆ ನಾಡಿನಲ್ಲಿ ರೋಗ ಎಷ್ಟಿದೆ ಎಂಬುದು ತಿಳಿಯದು.

ತಾಲ್ಲೂಕು ಕೇಂದ್ರದಲ್ಲಿ ಮಳೆ ಅಳೆಯುವ ಮಾಪಕವನ್ನು ನೀವು ನೋಡಿರಬಹುದು. ಯಾರೂ ಪ್ರತಿ ಹೊಲಕ್ಕೆ ಹೋಗಿ ಮಳೆ ಅಳೆಯುವುದಿಲ್ಲ. ಆಯ್ದ ಕೆಲವು ಕಡೆ ಅಳೆದು ತಾಲ್ಲೂಕಿನ ಮಳೆ ಇಷ್ಟು ಎಂದು ಅಂದಾಜಿಸುತ್ತಾರೆ. 1998ರಿಂದ ದೇಶದಾದ್ಯಂತ ನಡೆದುಬಂದ ಎಚ್.ಐ.ವಿ. ಕಾವಲು ಸಮೀಕ್ಷೆಯೂ ಹೀಗೆಯೇ. ಆಯ್ದ ಆಸ್ಪತ್ರೆಗಳಲ್ಲಿ ಸುಮಾರು ಮೂರು ತಿಂಗಳ ಅವಧಿಯಲ್ಲಿ ಒಬ್ಬರಾದ ಮೇಲೆ ಒಬ್ಬರಂತೆ ಬಂದ 400 ಗರ್ಭಿಣಿಯರ ರಕ್ತದ ಮಾದರಿ ಸೇರಿಸುತ್ತಾರೆ. ಸಿಫಿಲಿಸ್ ಪರೀಕ್ಷೆಗೆಂದು ತೆಗೆದ ರಕ್ತದಲ್ಲಿ ಉಳಿದ ಭಾಗವನ್ನೇ, ಹೆಸರು ವಿಳಾಸ ತೆಗೆದುಹಾಕಿ, ಪರೀಕ್ಷೆಗೆ ಕಳಿಸುವುದು ಇದರ ಕ್ರಮ. ಯಾರ ರಕ್ತ ಎಂಬುದು ಪ್ರಯೋಗಾಲಯದವರಿಗೂ ಗೊತ್ತಾಗುವುದಿಲ್ಲ.

ಗರ್ಭಿಣಿಯರನ್ನೇ ಏಕೆ ಆರಿಸಿದರು? ಅವರ ನಡತೆಯ ಮೇಲಿನ ಸಂಶಯದಿಂದ ಅಲ್ಲ. ಎಲ್ಲ ಮನೆತನದ, ಎಲ್ಲ ಊರಿನ ಗರ್ಭಿಣಿಯರೂ ಆಸ್ಪತ್ರೆಗೆ ಬರುತ್ತಾರೆ, ಹೇಗೂ ರಕ್ತ ಕೊಡುತ್ತಾರೆ. ಅವರ ಲೆಕ್ಕ ಜನಸಾಮಾನ್ಯರ ಲೆಕ್ಕಕ್ಕೆ ಕನ್ನಡಿಯಿದ್ದಂತೆ.

ಈ ಲೆಕ್ಕದಿಂದ ಏನು ಪ್ರಯೋಜನ? ಸೋಂಕು ಹೆಚ್ಚಿದ್ದ 6 ರಾಜ್ಯಗಳಲ್ಲಿ ಕರ್ನಾಟಕವೂ ಒಂದು ಎಂದು ತಿಳಿದದ್ದು ಇದರಿಂದಲೇ. 2004ರಲ್ಲಿ ಸರ್ಕಾರ ಉಚಿತ ಎ.ಆರ್.ಟಿ. ಔಷಧ ಆರಂಭಿಸಿದಾಗ ಇಂಥ ರಾಜ್ಯಗಳಿಗೆ ಮೊದಲ ಆದ್ಯತೆ ದೊರೆಯಿತು. ಆಗ ನಮ್ಮ ರಾಜ್ಯದ ಗರ್ಭಿಣಿಯರಲ್ಲಿ 100ಕ್ಕೆ ಒಬ್ಬರಿಗಿಂತ ಹೆಚ್ಚು ಮಂದಿಗೆ ಸೋಂಕಿತ್ತು. 2017ರ ಸಮೀಕ್ಷೆಯ ಹೊತ್ತಿಗೆ ಅದು 200ಕ್ಕೆ ಒಬ್ಬರಿಗಿಂತ ಕಡಿಮೆಯಾಗಿತ್ತು.

ಲೆಕ್ಕ ತಪ್ಪಿದ್ದೂ ಉಂಟು. ದೇಶದಲ್ಲಿ ಸುಮಾರು 52 ಲಕ್ಷ ಸೋಂಕಿತರಿದ್ದಾರೆ ಎಂದು ಮೊದಲು ಅಂದಾಜಿಸಿದ್ದರು. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮನೆಮನೆಗಳಲ್ಲಿ ರಕ್ತ ಪರೀಕ್ಷೆ ನಡೆಯಿತು. ಕಾವಲು ಕೇಂದ್ರಗಳನ್ನೂ ಹೆಚ್ಚಿಸಿದರು. ಆ ಬಳಿಕ 2007ರಲ್ಲಿ ಅಂದಾಜು ಸುಮಾರು 25 ಲಕ್ಷಕ್ಕೆ ಇಳಿಯಿತು. ರೋಗ ಒಮ್ಮೆಲೇ ಅರ್ಧವಾಗಲಿಲ್ಲ, ಅಳತೆ ಸರಿಹೋಯಿತು. ಹೆಚ್ಚು ಮಳೆ ಬೀಳುವಲ್ಲಿಯೇ ಮಾಪಕ ಇಟ್ಟರೆ ಇಡೀ ತಾಲ್ಲೂಕಿನ ಲೆಕ್ಕ ಕೆಡುವುದಿಲ್ಲವೇ? ಅಂಜಿಕೊಂಡು ಪರೀಕ್ಷೆಯಿಂದ ದೂರ ಉಳಿದರೂ ಹೀಗೆಯೇ ಲೆಕ್ಕ ಕೆಡುತ್ತದೆ.

ಇಲ್ಲಿ ಒಂದು ಮಾತನ್ನು ತಾವು ಮರೆಯಬಾರದು. ಹೆಸರಿಲ್ಲದ ಆ ಗಣತಿಯ ಫಲಿತಾಂಶ ನಿಮ್ಮ ಕೈಗೆ ಎಂದೂ ಬರುವುದಿಲ್ಲ. ಅದು ನಾಡಿಗೆ ಉಪಯೋಗ. ನಿಮಗೆ, ನಿಮ್ಮ ಕೂಸಿಗೆ ಉಪಯೋಗವಾಗಬೇಕಾದರೆ ನಿಮ್ಮ ಹೆಸರಿನಲ್ಲೇ ಪರೀಕ್ಷೆ ಆಗಬೇಕು. ಗರ್ಭಿಣಿಯ ಸಿಫಿಲಿಸ್‌ಗೆ ಚಿಕಿತ್ಸೆ ಆಗದಿದ್ದರೆ ಗರ್ಭಪಾತವಾಗಬಹುದು, ಕೂಸು ಸತ್ತು ಹುಟ್ಟಬಹುದು, ರೋಗ ಹೊತ್ತೇ ಹುಟ್ಟಬಹುದು. ಬೇಗ ತಿಳಿದರೆ ಪೆನಿಸಿಲಿನ್ ಇಂಜೆಕ್ಷನ್ ಆ ಕೂಸನ್ನು ಉಳಿಸುತ್ತದೆ. ಎಚ್.ಐ.ವಿ. ಇದ್ದ ತಾಯಿಯೂ ಕ್ರಮವಾಗಿ ಔಷಧ ತೆಗೆದುಕೊಂಡರೆ ಮಗುವಿಗೆ ಸೋಂಕು ತಗಲುವ ಸಂಭವ ಬಹಳ ಕಡಿಮೆ. ಗಂಡಸರೇ, ಹೆಂಡತಿಗೆ ಮಾತ್ರ ಚಿಕಿತ್ಸೆ ಕೊಡಿಸಿ ಸುಮ್ಮನಾಗಬೇಡಿ. ನೀವೂ ಪರೀಕ್ಷೆ, ಚಿಕಿತ್ಸೆ ಪಡೆಯದಿದ್ದರೆ ರೋಗ ಮತ್ತೆ ಅವರಿಗೇ ಬರುತ್ತದೆ.

ಗುಟ್ಟು ಬಯಲಾದೀತೆಂಬ ಭಯ ಸಹಜ. ಎಚ್.ಐ.ವಿ. ಕುರಿತ 2017ರ ಕಾಯ್ದೆ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಗುಟ್ಟಾಗಿ ಇಡಬೇಕು ಎಂದು ಅದು ವಿಧಿಸುತ್ತದೆ. ಹುಣ್ಣು, ಬಿಳಿಸೆರಗು, ಮೂತ್ರದ ಉರಿ ಇದ್ದರೆ ಬಸ್ ನಿಲ್ದಾಣದ ಗೋಡೆಯ ಜಾಹೀರಾತು ನಂಬಿ ಲಾಡ್ಜಿನ ವೈದ್ಯರಲ್ಲಿಗೆ ಹೋಗಬೇಡಿ. ಅಲ್ಲಿ ಹಣವೂ ಹೋಗುತ್ತದೆ, ರೋಗವೂ ಉಳಿಯುತ್ತದೆ, ಲೆಕ್ಕಕ್ಕೂ ಸಿಗುವುದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಚಿಕಿತ್ಸೆ ಉಚಿತ. ಸಂಶಯವಿದ್ದರೆ 1097ಕ್ಕೆ ಉಚಿತವಾಗಿ ಫೋನ್ ಮಾಡಿ ಕೇಳಿರಿ.

ರೋಗ ಬಂದವರನ್ನು ಪಾಪಿಗಳೆಂದು ಕಾಣುವುದು ಶರಣರ ದಾರಿಯಲ್ಲ. ಇವರು ನಮ್ಮವರು ಎಂದು ಹತ್ತಿರ ಕರೆಯುವುದೇ ಶರಣ ಧರ್ಮ. ತಾಯಂದಿರೇ, ಮಡಚಿಟ್ಟ ಆ ಚೀಟಿಯನ್ನು ಇಂದೇ ತೆಗೆಯಿರಿ, ಪ್ರಯೋಗಾಲಯಕ್ಕೆ ಹೋಗಿ ಬನ್ನಿರಿ.