ಹೆಬ್ಬಾತಿನ ಕಾಲಿಗೊಂದು ನಂಬರ್: ತಪ್ಪು ಯಾರದ್ದು, ಶಿಕ್ಷೆ ಯಾರಿಗೆ?

 

2009ರ ಜನವರಿ 15. ನ್ಯೂಯಾರ್ಕಿನ ಲಾಗಾರ್ಡಿಯಾದಿಂದ ಮೇಲೇರಿದ ವಿಮಾನ, ಕೆಲವೇ ನಿಮಿಷದಲ್ಲಿ ಹೆಬ್ಬಾತುಗಳ ಹಿಂಡಿಗೆ ಡಿಕ್ಕಿ ಹೊಡೀತು. ಎರಡೂ ಎಂಜಿನ್ ಕೈಕೊಟ್ಟವು. ಕ್ಯಾಪ್ಟನ್ ಸಲ್ಲೆನ್‌ಬರ್ಗರ್ ಅದನ್ನ ಹಡ್ಸನ್ ನದಿ ಮೇಲೆ ಇಳಿಸಿದರು. 155 ಜನರೂ ಬದುಕಿದರು. ‘ಸಲ್ಲಿ’ ಸಿನಿಮಾ ನೋಡಿರ್ತೀರಿ. ಸಿನಿಮಾದಲ್ಲಿ ಇಲ್ಲದ ಭಾಗ ಇವತ್ತಿನ ಕಥೆ.

ಅವು ಕೆನಡಾ ಹೆಬ್ಬಾತುಗಳು. ಅಮೆರಿಕದಲ್ಲಿ ಇವುಗಳದ್ದು ಎರಡು ಗುಂಪು. ಒಂದು, ಉತ್ತರದಲ್ಲಿ ಮರಿ ಮಾಡಿ ಚಳಿಗೆ ದಕ್ಷಿಣಕ್ಕೆ ಬರೋ ವಲಸೆ ಹಕ್ಕಿ. ಇನ್ನೊಂದು, ವರ್ಷಪೂರ್ತಿ ಊರಲ್ಲೇ ಇರೋ ‘ರೆಸಿಡೆಂಟ್’.

ಈ ರೆಸಿಡೆಂಟ್‌ಗಳು ಹೇಗೆ ಬಂದವು? ಬಹುಪಾಲು ಮನುಷ್ಯರೇ ತಂದಿದ್ದು. ಬೇಟೆಗಾರರು ಕಾಡುಹಕ್ಕಿಗಳನ್ನ ಸೆಳೆಯೋಕೆ ಸಾಕಿದ ಹೆಬ್ಬಾತುಗಳನ್ನ ನೀರಿಗೆ ಬಿಡ್ತಿದ್ರು. 1935ರಲ್ಲಿ ಅದು ನಿಷೇಧ ಆಯ್ತು. ಸಾಕಿದ್ದನ್ನ ಎಷ್ಟೋ ಜನ ಹೊರಗೆ ಬಿಟ್ಟರು. ಆಮೇಲೆ, ನಿರ್ನಾಮ ಆಯ್ತು ಅಂದ್ಕೊಂಡಿದ್ದ ದೈತ್ಯ ಕೆನಡಾ ಹೆಬ್ಬಾತು 1962ರಲ್ಲಿ ಮಿನೆಸೋಟಾದ ರಾಚೆಸ್ಟರ್‌ನಲ್ಲಿ ಸಿಕ್ತು. ಖುಷಿಯಲ್ಲಿ ಹಲವು ರಾಜ್ಯಗಳು ಮರಿ ಮಾಡಿಸಿ ಬಿಟ್ಟವು. ಕತ್ತರಿಸಿದ ಹುಲ್ಲು, ಪಕ್ಕದಲ್ಲೇ ಕೆರೆ, ಶತ್ರುಗಳೂ ಕಡಿಮೆ. ಹಕ್ಕಿ ಯಾಕೆ ಹೋಗುತ್ತೆ ಹೇಳಿ? ಈಗ ಪಾರ್ಕು, ಗಾಲ್ಫ್ ಮೈದಾನ ಎಲ್ಲ ಕಡೆ ಹಿಕ್ಕೆ, ಜನರ ಕಂಪ್ಲೇಂಟು.

ನಾನು ಬಿ.ಕಾಂ. ಓದಿದವನು. ನಮ್ಮಲ್ಲಿ ಮೊದಲ ಪಾಠ: ಸ್ಟಾಕ್ ಲೆಕ್ಕ ಇಲ್ಲದೆ ನಿರ್ಧಾರ ತಗೋಬೇಡಿ. ಆದ್ರೆ ನೋಡೋಕೆ ಒಂದೇ ಥರ ಇರೋ ಹಕ್ಕಿಗಳಲ್ಲಿ ಯಾವುದು ಯಾರದ್ದು ಅಂತ ಲೆಕ್ಕ ಇಡೋದು ಹೇಗೆ?

ಕಾಲಿಗೆ ಬಳೆ ಹಾಕಿ! ಜೂನ್-ಜುಲೈ ಹೊತ್ತಿಗೆ ಹೆಬ್ಬಾತುಗಳ ರೆಕ್ಕೆಯ ದೊಡ್ಡ ಗರಿಗಳೆಲ್ಲ ಒಟ್ಟಿಗೇ ಉದುರುತ್ತೆ. ಹೊಸದು ಬರೋವರೆಗೆ ಸುಮಾರು ಒಂದು ತಿಂಗಳು ಹಾರೋಕಾಗಲ್ಲ. ಆಗ ದೋಣಿಯಲ್ಲಿ ಅಟ್ಟಿಕೊಂಡು ಬಂದು, ಬಲೆ ಕಟ್ಟಿದ ದೊಡ್ಡಿಗೆ ತುಂಬ್ತಾರೆ. ವಯಸ್ಸು, ಗಂಡು-ಹೆಣ್ಣು ನೋಡಿ, ನಂಬರ್ ಇರೋ ಲೋಹದ ಬ್ಯಾಂಡ್ ತೊಡಿಸಿ ಬಿಡ್ತಾರೆ. ಮುಂದೆ ಆ ನಂಬರ್ ಯಾರ ಕಣ್ಣಿಗೆ ಬಿದ್ದರೂ, ಬೇಟೆಗಾರನಿಗೆ ಸಿಕ್ಕರೂ, ಮೇರಿಲ್ಯಾಂಡ್‌ನಲ್ಲಿರೋ ಬ್ಯಾಂಡಿಂಗ್ ಲ್ಯಾಬ್‌ಗೆ ತಿಳಿಸ್ತಾರೆ. ಎಲ್ಲಿ ಹಾಕಿದ್ದು, ಎಲ್ಲಿ ಸಿಕ್ಕಿದ್ದು, ಎಷ್ಟು ವರ್ಷ ಬದುಕಿತು, ಎಲ್ಲ ಖಾತೆಗೆ ಸೇರುತ್ತೆ.

ಎಣಿಕೆಗೂ ಇದೇ ದಾರಿ. 100 ಹಕ್ಕಿಗೆ ಬ್ಯಾಂಡ್ ಹಾಕಿದ್ರಿ ಅಂದ್ಕೊಳ್ಳಿ. ಆಮೇಲೆ 200 ಹಕ್ಕಿ ಹಿಡಿದಾಗ ಅದರಲ್ಲಿ 20ಕ್ಕೆ ಬ್ಯಾಂಡ್ ಇತ್ತು. ಹತ್ತರಲ್ಲಿ ಒಂದು. ಅಂದ್ರೆ ಒಟ್ಟು ಸುಮಾರು 1,000. ಫ್ರೆಡರಿಕ್ ಲಿಂಕನ್ ಅನ್ನೋರು 1930ರಲ್ಲೇ ಬಾತುಗಳಿಗೆ ಮಾಡಿ ತೋರಿಸಿದ ಲೆಕ್ಕ ಇದು.

ಬ್ಯಾಂಡ್ ಇನ್ನೊಂದು ಗುಟ್ಟನ್ನೂ ಬಿಚ್ಚಿಡ್ತು. ಮರಿ ಇಲ್ಲದ ಎಷ್ಟೋ ‘ರೆಸಿಡೆಂಟ್’ ಹಕ್ಕಿಗಳು ಗರಿ ಉದುರಿಸೋಕೆ ಅಂತಾನೇ ಹಡ್ಸನ್ ಕೊಲ್ಲಿ ಕಡೆವರೆಗೂ ಹಾರಿ ಹೋಗ್ತವೆ. ಊರಲ್ಲೇ ಇರೋರು ಅಂದ್ಕೊಂಡ್ರೆ, ಅವರಿಗೂ ಒಂದು ಟೂರ್ ಇದೆ!

ಈಗ ವಿಮಾನಕ್ಕೆ ವಾಪಸ್ ಬರೋಣ. ಎಂಜಿನ್‌ನಲ್ಲಿ ಸಿಕ್ಕಿದ್ದು ಗರಿ, ಮಾಂಸದ ಚೂರು ಅಷ್ಟೇ, ಬ್ಯಾಂಡ್ ಇಲ್ಲ. ಸ್ಮಿತ್ಸೋನಿಯನ್ ವಿಜ್ಞಾನಿಗಳು ಗರಿಯೊಳಗಿನ ಹೈಡ್ರೋಜನ್ ಐಸೋಟೋಪ್ ನೋಡಿದರು. ಗರಿ ಬೆಳೆಯೋವಾಗ ಹಕ್ಕಿ ಎಲ್ಲಿಯ ನೀರು ಕುಡಿದು, ಏನು ಮೇಯ್ದಿತ್ತೋ ಅದರ ಗುರುತು ಗರಿಯಲ್ಲೇ ಉಳಿಯುತ್ತೆ. ಉತ್ತರ: ಇವು ಕೆನಡಾದ ಲ್ಯಾಬ್ರಡಾರ್ ಕಡೆಯ ವಲಸೆ ಹಕ್ಕಿಗಳು. ನ್ಯೂಯಾರ್ಕಿನವಲ್ಲ.

ಆದ್ರೆ ಅದೇ ಬೇಸಿಗೆಯಲ್ಲಿ ನ್ಯೂಯಾರ್ಕ್ ನಗರ, ಗರಿ ಉದುರಿ ಹಾರಲಾಗದೆ ನಿಂತಿದ್ದ ಸಾವಿರಕ್ಕೂ ಹೆಚ್ಚು ಲೋಕಲ್ ಹೆಬ್ಬಾತುಗಳನ್ನ ಹಿಡಿಸಿ ಕೊಲ್ಲಿಸ್ತು.

ಇಲ್ಲಿ ಅವಸರದ ತೀರ್ಪು ಬೇಡ. ರನ್‌ವೇ ಪಕ್ಕ ವರ್ಷಪೂರ್ತಿ ಇರೋ ಹಿಂಡು ನಿಜಕ್ಕೂ ಅಪಾಯವೇ. ಆ ವಿಮಾನದಲ್ಲಿ ನಮ್ಮಮ್ಮ ಇದ್ದಿದ್ದರೆ ನಾನೂ ಬೇರೆ ಥರ ಮಾತಾಡ್ತಿದ್ದೆ. ಆದ್ರೆ ಲೋಕಲ್ ಹಿಂಡು ಪೂರ್ತಿ ಖಾಲಿ ಮಾಡಿದ್ರೂ ಲ್ಯಾಬ್ರಡಾರ್ ಹಿಂಡು ಜನವರಿಯಲ್ಲಿ ಬಂದೇ ಬರುತ್ತೆ. ಅದಕ್ಕೆ ರೇಡಾರ್ ಬೇಕು, ಹಾರಾಟದ ಸಮಯ ಗೊತ್ತಿರಬೇಕು. ಊರಿನ ಹಿಂಡಿಗೆ ಬೇರೆ ಮದ್ದಿದೆ: ಅನುಮತಿ ಪಡೆದು ಮೊಟ್ಟೆಗೆ ಜೋಳದ ಎಣ್ಣೆ ಸವರೋದು. ಗಾಳಿ ಆಡದೆ ಮೊಟ್ಟೆ ಬೆಳೆಯಲ್ಲ, ತಾಯಿ ಮಾತ್ರ ಕಾವು ಕೊಡ್ತಾ ಕೂತಿರುತ್ತೆ. ಓದುವಾಗ ನನಗೂ ಕರುಳು ಚುರ್ ಅಂತು. ಬೇಟೆಯನ್ನೂ ಸೆಪ್ಟೆಂಬರ್‌ನಲ್ಲೇ ಬಿಡ್ತಾರೆ, ವಲಸೆ ಹಕ್ಕಿ ಬಹುಪಾಲು ಬರೋ ಮುಂಚೆ. ಈ ತಾರೀಖು ಸರಿಯೋ ತಪ್ಪೋ ಅಂತ ಹೇಳೋದೂ ಬ್ಯಾಂಡೇ.

ಯಾರು ಅಂತ ತಿಳಿಯದೆ ಕೊಟ್ಟ ಶಿಕ್ಷೆ, ಕೈಗೆ ಸಿಕ್ಕವರ ಮೇಲೆ ಬೀಳುತ್ತೆ. ಹಕ್ಕಿ ವಿಷಯದಲ್ಲಿ ಮಾತ್ರ ಅಲ್ಲ ಅನ್ಸುತ್ತೆ.

ಕೊನೆಗೊಂದು ನಮ್ಮೂರ ಮಾತು. ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬರ್ತವೆ, ಇವು ಪಕ್ಕಾ ವಲಸೆಗಾರರು. ಮಂಗೋಲಿಯಾದಲ್ಲಿ ಕುತ್ತಿಗೆಗೆ ಪಟ್ಟಿ ಹಾಕಿದ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಹೋದ್ರೆ ದೂರದಿಂದಲೇ ಝೂಮ್ ಮಾಡಿ. ಪಟ್ಟಿ ಕಂಡ್ರೆ ಅಕ್ಷರ, ನಂಬರ್, ತಾರೀಖು ಬರೆದಿಟ್ಟು ಅರಣ್ಯ ಇಲಾಖೆಯವರಿಗೋ, ಹಕ್ಕಿ ವೀಕ್ಷಕರಿಗೋ ಕೊಡಿ. ಯಾರದೋ ಖಾತೆಯಲ್ಲಿ ಖಾಲಿ ಬಿಟ್ಟ ಒಂದು ಸಾಲು ನಿಮ್ಮಿಂದ ತುಂಬುತ್ತೆ.