ನಮ್ಮ ಹೊಲದ ನಕ್ಷೆ ಬರೆಯೋರು ಯಾರು?

(ಉಪ್ಪಾರಹಳ್ಳಿಯಲ್ಲಿ ಸೇರಿದ್ದ ತುಮಕೂರು, ಗುಬ್ಬಿ, ಕುಣಿಗಲ್ ರೈತರ ಸಭೆಯಲ್ಲಿ ಮಾಡಿದ ಭಾಷಣ)



ನಾವು ಕೂತಿರೋ ಈ ಜಾಗದ ಹೆಸರು ಉಪ್ಪಾರಹಳ್ಳಿ. ಹಳ್ಳಿ ಅನ್ನೋದು ಹೆಸರಿನಲ್ಲಿ ಉಳಿದಿದೆ. ಸುತ್ತ ನೋಡಿದರೆ ತುಮಕೂರು ನಗರ. ಮನೆ ಕಟ್ಟಿದವರ ಮೇಲೆ ನಮಗೆ ಸಿಟ್ಟಿಲ್ಲ, ಜನಕ್ಕೆ ಸೂರು ಬೇಕು. ನಮ್ಮ ಪ್ರಶ್ನೆ ಬೇರೆ. ಯಾವ ಭೂಮಿ ಮನೆಗೆ, ಯಾವುದು ಕಾರ್ಖಾನೆಗೆ, ಯಾವುದು ರಾಗಿಗೆ ಅಂತ ತೀರ್ಮಾನ ಮಾಡೋರು ಯಾರು? ಆ ತೀರ್ಮಾನದಲ್ಲಿ ರೈತನ ಮಾತು ಎಷ್ಟು?

ನಗರದ ಸುತ್ತಲಿನ ಭೂಮಿಗೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಪ್ರಕಾರ ಮಾಸ್ಟರ್ ಪ್ಲಾನ್ ಮಾಡುತ್ತಾರೆ. ವಸತಿ, ಕೈಗಾರಿಕೆ, ಕೃಷಿ ಅಂತ ನಕ್ಷೆಗೆ ಬಣ್ಣ ಬಳಿಯುತ್ತಾರೆ. ಕರಡು ಪ್ರಕಟವಾದಾಗ ಆಕ್ಷೇಪಣೆ ಸಲ್ಲಿಸಲು ಕಾನೂನಿನಲ್ಲಿ ಅವಕಾಶ ಇದೆ. ಆದರೆ ಬಣ್ಣ ಬದಲಾದದ್ದು ನಮಗೆ ಗೊತ್ತಾಗೋದು ಪಕ್ಕದ ಹೊಲದಲ್ಲಿ ಸೈಟಿನ ಕಲ್ಲು ನೆಟ್ಟ ಮೇಲೆ. ಸಾಲದ್ದಕ್ಕೆ 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ಕಿತ್ತುಹಾಕಿದರು. ನೇಗಿಲು ಮುಟ್ಟದವನೂ ಜಮೀನು ಕೊಳ್ಳಬಹುದು ಅಂತಾಯಿತು.

ಆದರೆ ನಕ್ಷೆಯಲ್ಲಿ ಹಸಿರು ಬಳಿದ ಮಾತ್ರಕ್ಕೆ ಹೊಲ ಉಳಿಯೋದಿಲ್ಲ. 2025-26ಕ್ಕೆ ರಾಗಿಗೆ ಕೇಂದ್ರ ಸರ್ಕಾರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಕಣದಲ್ಲಿ ರಾಶಿ ಆಗೋ ಹೊತ್ತಿಗೆ ಸಾಲ ಕೊಟ್ಟವನು ಬಾಗಿಲಲ್ಲಿ ನಿಂತಿರುತ್ತಾನೆ. ಖರೀದಿ ಕೇಂದ್ರದಲ್ಲಿ ಸರದಿ ಕಾಯೋ ತಾಕತ್ತು ಸಣ್ಣ ರೈತನಿಗೆಲ್ಲಿದೆ? ದಲ್ಲಾಳಿ ಹೇಳಿದ್ದೇ ಬೆಲೆ. ಮೇಲೆ ಕೊಳವೆ ಬಾವಿ ಸಾಲ, ಮದುವೆ ಸಾಲ. ಕೊನೆಗೆ ಅರ್ಧ ಎಕರೆ ಹೋಗುತ್ತದೆ. ಮಾರಿದವನನ್ನು ಬೈಬೇಡಿ. ಬೆಳೆ ಬದುಕಿಸದಿದ್ದರೆ ಭೂಮಿ ಮಾರಿಯೇ ಬದುಕಬೇಕು. ಬೆಲೆ ಇಲ್ಲದ ಭೂಯೋಜನೆ ಬುಡವಿಲ್ಲದ ಗಡಿಗೆ.

ಹಾಗಾದರೆ ಬೆಲೆಯನ್ನೂ ಭೂಮಿಯನ್ನೂ ಒಟ್ಟಿಗೆ ಯೋಚಿಸೋ ಜಾಗ ಯಾವುದು? ಇದೆ ಸ್ವಾಮಿ, ಸಂವಿಧಾನದಲ್ಲೇ ಇದೆ. 1992ರ 74ನೇ ತಿದ್ದುಪಡಿಯಲ್ಲಿ ಬಂದ 243ಜಡ್‌ಡಿ ವಿಧಿ ಪ್ರಕಾರ ಪ್ರತಿ ಜಿಲ್ಲೆಗೆ ಯೋಜನಾ ಸಮಿತಿ ಇರಬೇಕು. ಪಂಚಾಯಿತಿಗಳ, ನಗರಸಭೆಗಳ ಯೋಜನೆಗಳನ್ನು ಒಟ್ಟುಗೂಡಿಸಿ ಜಿಲ್ಲಾ ಯೋಜನೆ ಬರೆಯೋದು ಅದರ ಕೆಲಸ. ಭೂಮಿಯ ಬಳಕೆ, ಹಳ್ಳಿ ಮತ್ತು ಪಟ್ಟಣದ ನಡುವೆ ನೀರು ಹಂಚಿಕೆ ಎರಡೂ ಅದರಲ್ಲಿ ಬರಬೇಕು. ಸಮಿತಿಯ ಐದರಲ್ಲಿ ನಾಲ್ಕು ಪಾಲು ಸದಸ್ಯರನ್ನು ಜಿಲ್ಲಾ ಪಂಚಾಯಿತಿ, ನಗರಸಭೆಗಳ ಚುನಾಯಿತ ಸದಸ್ಯರೇ ತಮ್ಮೊಳಗಿಂದ ಆರಿಸಬೇಕು.

ನಡೆದದ್ದೇನು? ಜಿಲ್ಲಾ ಪಂಚಾಯಿತಿಗೆ 2016ರಲ್ಲಿ ಚುನಾವಣೆ ಆಯಿತು, 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ಚುನಾಯಿತರೇ ಇಲ್ಲದ ಮೇಲೆ ಸಮಿತಿಯಲ್ಲಿ ಹಳ್ಳಿ ಪರವಾಗಿ ಕೂರೋರು ಯಾರು?

ಇದರ ಫಲ ಹೇಮಾವತಿಯಲ್ಲಿ ಕಂಡಿದ್ದೀವಿ. ಅದೇ ನೀರು ಬುಗುಡನಹಳ್ಳಿ ಕೆರೆ ಸೇರಿ ತುಮಕೂರಿನ ನಲ್ಲಿಗೆ ಬರಬೇಕು, ಗುಬ್ಬಿಯ ತೋಟಕ್ಕೂ ಬೇಕು, ಕುಣಿಗಲ್ ಕೆರೆಗೂ ಬೇಕು. ಲಿಂಕ್ ಕಾಲುವೆ ವಿಚಾರದಲ್ಲಿ 2025ರಲ್ಲಿ ಗುಬ್ಬಿ ಸೀಮೆಯ ರೈತರು ಬೀದಿಗಿಳಿದರು. ಕುಣಿಗಲ್‌ನವರು ನಮ್ಮ ಪಾಲು ಎಲ್ಲಿ ಅಂತ ಕೇಳಿದರು. ಇಬ್ಬರೂ ರೈತರೇ. ಒಂದೇ ಮೇಜಿನ ಮುಂದೆ ಲೆಕ್ಕ ಇಟ್ಟುಕೊಂಡು ಕೂರಬೇಕಾದವರನ್ನು ಎದುರುಬದುರು ನಿಲ್ಲಿಸಿದಂತಾಯಿತು.

ಪಕ್ಕದ ಕೇರಳ ನೋಡಿ. 2008ರಲ್ಲಿ ಗದ್ದೆ ಉಳಿಸೋ ಕಾನೂನು ಮಾಡಿದರು. ಊರಿನ ಗದ್ದೆಗಳ ಪಟ್ಟಿ ಮಾಡೋ ಸಮಿತಿಗೆ ಪಂಚಾಯಿತಿ ಅಧ್ಯಕ್ಷರೇ ಮುಖ್ಯಸ್ಥರು, ಅದರಲ್ಲಿ ರೈತರ ಪ್ರತಿನಿಧಿಗಳೂ ಉಂಟು. 2018ರ ತಿದ್ದುಪಡಿಯಲ್ಲಿ ಆ ಕಾನೂನು ಸಡಿಲಾಯಿತು ನಿಜ. ಆದರೂ ಪಟ್ಟಿ ಊರಲ್ಲೇ ಆಗಬೇಕು ಅನ್ನೋ ಪಾಠ ದೊಡ್ಡದು.

ಈಗ ನಮ್ಮ ಕೆಲಸ. ಕಾನೂನಿನಂತೆ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಬೇಕು. ಅಲ್ಲಿ ಮನೆಪಟ್ಟಿ ಓದಿಸಿ ಎದ್ದು ಬರಬೇಡಿ. ಮೊದಲು, ಊರಿನ ಬೇಸಾಯದ ಭೂಮಿ, ಕೆರೆ, ಗೋಮಾಳಗಳ ಪಟ್ಟಿಯನ್ನು ಸರ್ವೆ ನಂಬರ್ ಸಮೇತ ನಡಾವಳಿಗೆ ಸೇರಿಸಿ. ಎರಡನೆಯದು, ಊರಿನ ಶಾಲೆ, ಅಂಗನವಾಡಿ, ಹಾಸ್ಟೆಲುಗಳಿಗೆ ವರ್ಷಕ್ಕೆ ಎಷ್ಟು ರಾಗಿ, ಬೇಳೆ, ತರಕಾರಿ ಬೇಕು ಅಂತ ಲೆಕ್ಕ ಹಾಕಿ. ಶಾಲೆ ಮಕ್ಕಳಿಗೆ 2024ರಲ್ಲಿ ರಾಗಿ ಮಾಲ್ಟ್ ಕೊಡಲು ಶುರುಮಾಡಿದರಲ್ಲ, ಆ ರಾಗಿಯನ್ನು ಇದೇ ಜಿಲ್ಲೆಯ ರೈತನಿಂದ, ಬೆಂಬಲ ಬೆಲೆಗೆ ಕಡಿಮೆ ಇಲ್ಲದಂತೆ ಕೊಳ್ಳಬೇಕು ಅಂತ ಠರಾವು ಮಾಡಿ. ಮೂರನೆಯದು, ಸುಗ್ಗಿ ಮೊದಲೇ ಖರೀದಿ ಕೇಂದ್ರ ತೆರೆಯಬೇಕು ಅಂತ ಬರೆಸಿ. ಠರಾವಿನ ನಕಲು ಜಿಲ್ಲಾಧಿಕಾರಿಗೆ ಒಂದು, ಜಿಲ್ಲಾ ಪಂಚಾಯಿತಿಗೆ ಒಂದು, ನಮ್ಮ ಕೈಯಲ್ಲಿ ಒಂದು.

ಒಂದು ಊರು ಬರೆದರೆ ಕಡತದಲ್ಲಿ ಮುಚ್ಚಿಡುತ್ತಾರೆ. ಮೂರು ತಾಲ್ಲೂಕಿನ ಎಲ್ಲ ಊರೂ ಬರೆದರೆ ಮುಚ್ಚಿಡಲು ಕಪಾಟು ಸಾಲೋದಿಲ್ಲ. ಓಟು ಕೇಳಲು ಬಂದವರನ್ನು ಮೊದಲು ಈ ಠರಾವಿನ ಬಗ್ಗೆ ಕೇಳಿ, ಆಮೇಲೆ ಮಿಕ್ಕ ಮಾತು.