ಫಿನ್ನಿಶ್ ವಾಕ್ಯದಲ್ಲಿ ಕರ್ತೃ ಮತ್ತು ಕರ್ಮ
(ವಿದ್ಯಾರ್ಥಿ ಶಿಬಿರದಲ್ಲಿ ಮಾಡಿದ ಭಾಷಣದ ಸಾರ)



ವಿಭಕ್ತಿ ಪ್ರತ್ಯಯಗಳೆಂದರೆ ಪರೀಕ್ಷೆಗಾಗಿ ಮಾಡುವ ಬಾಯಿಪಾಠ ಎಂಬ ಭಾವನೆ ನಿಮ್ಮಲ್ಲಿ ಹಲವರಿಗಿದೆ. ಆದ್ದರಿಂದಲೇ ಇಂದು ದೂರದ ಫಿನ್ಲೆಂಡಿನ ಭಾಷೆಯನ್ನು ಆರಿಸಿಕೊಂಡಿದ್ದೇನೆ. ಸುಮಾರು ಐವತ್ತು ಲಕ್ಷ ಜನರ ಮಾತು ಅದು. ಅದರ ಮೊದಲ ಮುದ್ರಿತ ಪುಸ್ತಕ, 1543ರಲ್ಲಿ ಮಿಕಾಯೆಲ್ ಅಗ್ರಿಕೊಲ ಹೊರತಂದ ಅಕ್ಷರಾಭ್ಯಾಸದ ಪುಸ್ತಕ. ವಿಭಕ್ತಿಗಳು ಹದಿನೈದು. ಹೆದರಬೇಡಿ, ಇಂದು ನಮಗೆ ಎರಡು ಮೂರು ಸಾಕು.

'ಕೊಯ್ರ ಪುರಿ ಕಿಸ್ಸಾ' ಎಂದರೆ ನಾಯಿ ಬೆಕ್ಕನ್ನು ಕಚ್ಚಿತು. (ಇದು ಉರ್ದುವಿನ ಕಿಸ್ಸಾ ಅಲ್ಲ!) ಬೆಕ್ಕು 'ಕಿಸ್ಸ', ಕೊನೆಯ ಸ್ವರ ದೀರ್ಘವಾದಾಗ ಅದು ಇಲ್ಲಿ ಕರ್ಮ. 'ಕಿಸ್ಸಾ ಪುರಿ ಕೊಯ್ರ' ಎಂದು ತಿರುಗಿಸಿದರೂ ಕಚ್ಚಿದ್ದು ನಾಯಿಯೇ. ಇಂಗ್ಲಿಷಿನಲ್ಲಿ ಹೀಗೆ ಜಾಗ ಬದಲಿಸಿದರೆ ಅಪರಾಧ ಬೆಕ್ಕಿನ ಮೇಲೆ ಬೀಳುತ್ತದೆ. 'ಬೆಕ್ಕನ್ನು ನಾಯಿ ಕಚ್ಚಿತು' ಎನ್ನುವ ನಮಗೆ ಇದರಲ್ಲಿ ಹೊಸತೇನಿಲ್ಲ.

ಹೊಸತು ಮುಂದಿದೆ. ಪುಸ್ತಕಕ್ಕೆ 'ಕಿರ್ಯ' ಎನ್ನುತ್ತಾರೆ. 'ಲುಯೆನ್ ಕಿರ್ಯಾ' ಎಂದರೆ ಪುಸ್ತಕ ಓದುತ್ತಿದ್ದೇನೆ. 'ಲುಯೆನ್ ಕಿರ್ಯನ್' ಎಂದರೆ ಅದನ್ನು ಪೂರ್ತಿ ಓದಿ ಮುಗಿಸುತ್ತೇನೆ. ಕ್ರಿಯಾಪದ ಒಂದೇ, ಬದಲಾದದ್ದು ಪುಸ್ತಕದ ಬಾಲ ಮಾತ್ರ. ಫಿನ್ನಿಶ್‌ನಲ್ಲಿ ಭವಿಷ್ಯತ್ಕಾಲಕ್ಕೆ ಪ್ರತ್ಯೇಕ ರೂಪವಿಲ್ಲ. ಹಾಗಾಗಿ ನಾವು 'ಓದುತ್ತಾ ಇದ್ದೇನೆ', 'ಓದಿ ಮುಗಿಸುತ್ತೇನೆ' ಎಂದು ಕ್ರಿಯಾಪದದ ಮೇಲೆ ಹೇರುವ ಭಾರವನ್ನು ಅಲ್ಲಿ ನಾಮಪದ ಹೊರುತ್ತದೆ. ಅಲ್ಲಿಗೆ ಓದಲು ಹೋದ ವಿದ್ಯಾರ್ಥಿ ಅಧ್ಯಾಪಕರಿಗೆ 'ಕಿರ್ಯನ್' ಎಂದರೆ ಮಾತು ಕೊಟ್ಟಂತೆ, 'ಕಿರ್ಯಾ' ಎಂದರೆ ಬರೀ ವರದಿ! ಬೇಟೆಗಾರನ ವಿಷಯದಲ್ಲಂತೂ ಇದು ಪ್ರಾಣದ ಪ್ರಶ್ನೆ. 'ಅಮ್ಮುಯಿನ್ ಕರ್ಹುನ್' ಎಂದರೆ ಕರಡಿಯನ್ನು ಗುಂಡಿಕ್ಕಿ ಕೊಂದೆ. 'ಅಮ್ಮುಯಿನ್ ಕರ್ಹುಅ' ಎಂದರೆ ಕರಡಿಗೆ ಗುಂಡು ಹಾರಿಸಿದೆ, ಅದು ಬದುಕಿರಲೂಬಹುದು.

'ಓದಲಿಲ್ಲ' ಎಂಬ ನಿಷೇಧದಲ್ಲಿ ಕರ್ಮ ಯಾವಾಗಲೂ 'ಕಿರ್ಯಾ'. 'ಪ್ರೀತಿಸುತ್ತೇನೆ' ಎಂಬ ಕ್ರಿಯೆಗೂ ಇದೇ ರೂಪ, ಅದಕ್ಕೆ ಮುಗಿಯುವ ಗಡಿ ಇಲ್ಲವಲ್ಲ.

ಆ 'ಕಿರ್ಯನ್' ಯಾವ ವಿಭಕ್ತಿ? ನೋಡಲು ಷಷ್ಠಿ, 'ಪುಸ್ತಕದ ಹೆಸರು' ಎನ್ನುವಲ್ಲಿಯೂ ಅದೇ ರೂಪ. ಹಳೆಯ ವ್ಯಾಕರಣಗಳು ಕರ್ಮವಾದಾಗ ಅದನ್ನು ದ್ವಿತೀಯಾ ಎಂದವು. 2004ರ ಬೃಹತ್ ಫಿನ್ನಿಶ್ ವ್ಯಾಕರಣವು ಷಷ್ಠಿ ಎಂದೇ ಕರೆದು, 'ನನ್ನನ್ನು', 'ಯಾರನ್ನು' ಮುಂತಾದ ಸರ್ವನಾಮಗಳಿಗಷ್ಟೇ ದ್ವಿತೀಯಾವನ್ನು ಉಳಿಸಿತು. ನನಗೆ ಈ ಹೊಸ ಕ್ರಮವೇ ಸರಿಯೆನಿಸುತ್ತದೆ: ರೂಪಕ್ಕೊಂದು ಹೆಸರು, ವಾಕ್ಯದಲ್ಲಿ ಅದರ ಕೆಲಸಕ್ಕೆ ಇನ್ನೊಂದು.

ಆಜ್ಞೆಯಲ್ಲಿ ಆ 'ನ್' ಕೂಡ ಉದುರುತ್ತದೆ. ಪುಸ್ತಕವನ್ನು ಪೂರ್ತಿ ಓದು ಎನ್ನಲು 'ಲುಯೆ ಕಿರ್ಯ' ಎಂದರೆ ಸಾಕು. ಸಮಯವಾಯಿತೆಂದು ಚೀಟಿ ಬಂದಿದೆ.